ವಿಮೆ ಕೊಡದ ಬಾಕಿ: ತಪ್ಪು ನಮ್ಮದಲ್ಲದ ಅಪಘಾತದಲ್ಲಿ ಕೈಬಿಟ್ಟ ಹಣ ಮರಳಿ ಪಡೆಯುವ ಬಗೆ

ದುಧನಿಯ ಪೇಟೆಯಲ್ಲಿ ಅಡತಿ ಅಂಗಡಿ ನಡೆಸುವ ನಮ್ಮ ಮನೆಗಳಲ್ಲಿ ಅಂದಿನ ಕಿರ್ದಿ ಅಂದೇ ಬರೆದು ಮುಗಿಸುವ ಪದ್ಧತಿ ಇದೆ. ತೊಗರಿಯ ಚೀಲಕ್ಕೆ ಹತ್ತು ರೂಪಾಯಿ ಹೆಚ್ಚು ಕಡಿಮೆ ಆದರೂ ಅದು ಎಲ್ಲಿ ಹೋಯಿತೆಂದು ಹುಡುಕುತ್ತೇವೆ. ಹೋದ ವರ್ಷದ ಐನೂರು ರೂಪಾಯಿ ಉದ್ರಿಯನ್ನೂ ದೀಪಾವಳಿಗೆ ಮುಂಚೆ ಕೇಳಿ ತರುತ್ತೇವೆ. ಆದರೆ ಬೇರೊಬ್ಬರ ಗಾಡಿ ಬಂದು ನಮ್ಮ ಕಾರಿಗೆ ಗುದ್ದಿ, ವಿಮಾ ಕಂಪನಿ ಪೂರ್ತಿ ಖರ್ಚು ಕೊಡದೆ ಉಳಿದದ್ದು ನಮ್ಮ ಕಿಸೆಯಿಂದ ಹೋದಾಗ ಮಾತ್ರ "ನಮ್ಮ ಗ್ರಹಚಾರ" ಎಂದು ಸುಮ್ಮನಾಗುತ್ತೇವೆ. ಆ ಹಣ ಗ್ರಹಚಾರವಲ್ಲ, ಬಾಕಿ. ತಪ್ಪು ಮಾಡಿದವರ ಹೆಸರಿನಲ್ಲಿ ಬರೆದಿಡಬೇಕಾದ ಬಾಕಿ. ಇದನ್ನು ನಾನು ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗದಿಂದ ಕಲಿತೆ. ಓದುಗ ಬಂಧುಗಳಿಗೂ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ವಳಸಂಗದ ಹತ್ತಿರ ನಡೆದದ್ದು

2023ರ ಡಿಸೆಂಬರಿನಲ್ಲಿ ಅಣ್ಣ ಮತ್ತು ವೈನಿ ಮಗಳ ಮದುವೆಯ ಬಟ್ಟೆ ಖರೀದಿಗೆಂದು ಸೋಲಾಪುರಕ್ಕೆ ಹೋಗಿದ್ದರು. ಮರಳಿ ಬರುವಾಗ ವಳಸಂಗದ ಹತ್ತಿರ ರಸ್ತೆಯ ಉಬ್ಬು ಬಂದಿತೆಂದು ಅಣ್ಣ ಕಾರಿನ ವೇಗ ತಗ್ಗಿಸಿದ. ಹಿಂದೆ ಬರುತ್ತಿದ್ದ ಮಾಲಿನ ಟೆಂಪೋ ತಗ್ಗಿಸಲಿಲ್ಲ. ಹಿಂದಿನ ಗಾಜು ಪುಡಿಯಾಯಿತು, ಡಿಕ್ಕಿ ಒಳಗೆ ಕುಸಿಯಿತು. ವೈನಿಯ ಕುತ್ತಿಗೆ ಉಳುಕಿ ಎರಡು ದಿನ ನೋವಿತ್ತು. ದೇವರ ದಯದಿಂದ ಹೆಚ್ಚಿನದೇನೂ ಆಗಲಿಲ್ಲ.

ಟೆಂಪೋದ ಚಾಲಕ ಕೈಮುಗಿದು, "ಮಾಲಕರಿಗೆ ಹೇಳತೀನ್ರಿ ಅಣ್ಣಾವರ, ಪೊಲೀಸರ ತನಕ ಬ್ಯಾಡ್ರಿ" ಎಂದ. ಸೇರಿದ ನಾಲ್ಕು ಜನರೂ ಹಾಗೆಯೇ ಅಂದರು. ಅಣ್ಣನೂ ಒಪ್ಪಿ ಹೊರಡುವವನಿದ್ದ. ಆದರೆ ವೈನಿ ತಮ್ಮ ಮೊಬೈಲಿನಲ್ಲಿ ಎರಡೂ ಗಾಡಿಗಳ ಫೋಟೋ, ಟೆಂಪೋದ ನಂಬರು, ಚಾಲಕನ ಲೈಸೆನ್ಸು, ರಸ್ತೆಯ ಉಬ್ಬು, ಇವನ್ನೆಲ್ಲ ತೆಗೆದುಕೊಂಡರು. "ಮೊದಲು ಠಾಣೇಕ ಹೋಗಿ ಬರೆಸಿ ಬರೂಣು" ಎಂದು ಪಟ್ಟು ಹಿಡಿದರು. ಮುಂದೆ ನಮಗೆ ಒದಗಿದ್ದು ಆ ಹತ್ತು ನಿಮಿಷದ ಕೆಲಸವೇ.

ಬಿಲ್ಲು ಎಷ್ಟು, ಬಂದದ್ದೆಷ್ಟು

ನಮ್ಮದು ನಾಲ್ಕೂವರೆ ವರ್ಷದ, 1200 ಸಿಸಿಯ ಕಾರು. ಪೂರ್ಣ ವಿಮೆ ಇತ್ತು. ಅಣ್ಣ "ವಿಮೆ ಇದೆ, ಒಂದು ಸಾವಿರ ಹೋದೀತು ಅಷ್ಟೇ" ಎಂದುಕೊಂಡಿದ್ದ. ಈ ಒಂದು ಸಾವಿರವೆಂದರೆ ಪಾಲಿಸಿಯಲ್ಲಿ ಬರೆದಿರುವ ಕಡ್ಡಾಯ ಕಡಿತ. ಕಂಪಲ್ಸರಿ ಡಿಡಕ್ಟಿಬಲ್ ಅಥವಾ ಎಕ್ಸೆಸ್ ಎಂದು ಕರೆಯುವುದು ಇದನ್ನೇ. ಪ್ರತಿಯೊಂದು ಕ್ಲೇಮಿನಲ್ಲಿ ಮೊದಲ ಇಷ್ಟು ಹಣವನ್ನು ಗಾಡಿಯ ಮಾಲಕನೇ ಹೊರಬೇಕೆಂಬ ಷರತ್ತು ಇದು. 1500 ಸಿಸಿವರೆಗಿನ ಖಾಸಗಿ ಕಾರಿಗೆ ಸಾಮಾನ್ಯವಾಗಿ 1,000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,000, ದ್ವಿಚಕ್ರಕ್ಕೆ 100. ಪ್ರೀಮಿಯಂ ಉಳಿಸಲು ತಾವಾಗಿಯೇ ಹೆಚ್ಚಿನ ಕಡಿತ ಒಪ್ಪಿಕೊಂಡಿದ್ದರೆ ಅದೂ ಇದಕ್ಕೆ ಕೂಡುತ್ತದೆ. ತಪ್ಪು ಯಾರದೇ ಇರಲಿ, ನಮ್ಮ ಕಂಪನಿಯಿಂದ ದುಡ್ಡು ತೆಗೆದುಕೊಂಡರೆ ಈ ಕಡಿತ ತಪ್ಪದು.

ಆದರೆ ಕಡಿತಕ್ಕಿಂತ ದೊಡ್ಡ ಹೊಡೆತ ಸವಕಳಿಯದು. ಹಳೆಯ ಭಾಗ ತೆಗೆದು ಹೊಸದು ಹಾಕಿದಾಗ ಹಳೆಯದರ ಸವೆತದಷ್ಟನ್ನು ಕಂಪನಿ ಕಳೆಯುತ್ತದೆ. ಪ್ಲಾಸ್ಟಿಕ್, ರಬ್ಬರು, ಟೈರು, ಬ್ಯಾಟರಿಗಳಿಗೆ ನೂರಕ್ಕೆ 50. ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ: ಆರು ತಿಂಗಳವರೆಗೆ ಇಲ್ಲ, ಒಂದು ವರ್ಷದವರೆಗೆ 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಅದರ ಮೇಲೆ 50. ಬಣ್ಣದ ಕೆಲಸದಲ್ಲಿ ಸಾಮಗ್ರಿಯ ಬೆಲೆಗೆ ಮಾತ್ರ 50. ಒಟ್ಟು ಬಿಲ್ಲು ಇದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿಯುತ್ತಾರೆ.

ಗ್ಯಾರೇಜಿನ ಬಿಲ್ಲು ಹೀಗಿತ್ತು. ಲೋಹದ ಭಾಗ 24,000. ಬಂಪರು, ದೀಪ ಮೊದಲಾದ ಪ್ಲಾಸ್ಟಿಕ್ 14,000. ಗಾಜು 6,000. ಕೂಲಿ 12,000. ಬಣ್ಣ 8,000. ಒಟ್ಟು 64,000. ಸವಕಳಿಯೆಂದು ಲೋಹದಲ್ಲಿ 8,400, ಪ್ಲಾಸ್ಟಿಕ್ಕಿನಲ್ಲಿ 7,000, ಬಣ್ಣದಲ್ಲಿ 1,000, ಹೀಗೆ 16,400 ಹೋಯಿತು. ಮೇಲೆ ಕಡ್ಡಾಯ ಕಡಿತ 1,000. ಕಂಪನಿಯಿಂದ ಬಂದದ್ದು 46,600. ನಮ್ಮ ಮೇಲೆ ಬಿದ್ದದ್ದು 17,400.

ಇಷ್ಟಕ್ಕೇ ಮುಗಿಯಲಿಲ್ಲ. ಕಾರು ಎಳೆದು ತಂದದ್ದಕ್ಕೆ 2,500 ಆಗಿತ್ತು. ಪಾಲಿಸಿಯಲ್ಲಿ ಅದಕ್ಕೆ 1,500ರ ಮಿತಿ, ಹಾಗಾಗಿ 1,000 ನಮ್ಮದು. ಮದುವೆಯ ಓಡಾಟಕ್ಕೆ ಬಾಡಿಗೆ ಗಾಡಿ ಹಿಡಿದದ್ದು 7,200. ಇನ್ನು ನಾಲ್ಕು ವರ್ಷ ಕ್ಲೇಮು ಮಾಡದೆ ಕೂಡಿಸಿಟ್ಟ ಬೋನಸ್ಸು. ಕ್ಲೇಮು ಇಲ್ಲದ ಒಂದು ವರ್ಷಕ್ಕೆ 20, ನಂತರ 25, 35, 45, ಐದನೆಯ ವರ್ಷಕ್ಕೆ 50, ಹೀಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ನೂರಕ್ಕೆ ಇಷ್ಟು ರಿಯಾಯಿತಿ ಸಿಗುತ್ತ ಹೋಗುತ್ತದೆ. ಒಂದು ಕ್ಲೇಮಿನಿಂದ ಅದು ಸೊನ್ನೆಗೆ ಬಿದ್ದಿತು. ನಮ್ಮ ಮೂಲ ಪ್ರೀಮಿಯಂ 6,000 ಇದ್ದುದರಿಂದ ಮುಂದಿನ ವರ್ಷಕ್ಕೇ 3,000 ನಷ್ಟ. ಎಲ್ಲ ಕೂಡಿಸಿದರೆ 28,600 ರೂಪಾಯಿ. ಒಂದು ಸಾವಿರ ಎಂದುಕೊಂಡದ್ದು ಇಪ್ಪತ್ತೆಂಟು ಸಾವಿರ ದಾಟಿತು. ಅದೂ ನಮ್ಮ ತಪ್ಪೇ ಇಲ್ಲದೆ.

"ಹೋಗ್ಲಿ ಬಿಡು ತಮ್ಮಾ"

ಟೆಂಪೋದ ಮಾಲಕರು ಯಾರೆಂದು ವಿಚಾರಿಸಿದಾಗ ಮನೆಯಲ್ಲಿ ಇನ್ನೊಂದು ಪೇಚು ಹುಟ್ಟಿತು. ಅವರು ಅಕ್ಕಲಕೋಟ ಕಡೆಯ ವ್ಯಾಪಾರಿ. ನಮ್ಮ ಅಂಗಡಿಯೊಂದಿಗೆ ಹನ್ನೆರಡು ವರ್ಷದ ವ್ಯವಹಾರ ಇದ್ದವರು. ಅಪ್ಪಾಜಿ, "ಹೋಗ್ಲಿ ಬಿಡು ತಮ್ಮಾ. ಮನಿಯೊಳಗ ಮದುವಿ ಐತಿ. ವ್ಯವಹಾರದ ಮನುಷ್ಯಾನ ಕೂಡ ಕೋರ್ಟು ಹತ್ತೂದು ನಮಗ ಚಂದ ಅಲ್ಲ" ಎಂದರು. ಅಣ್ಣನೂ ಮೌನವಾದ.

ನಾನು ಸೋಲಾಪುರದ ಪರಿಚಯದ ವಕೀಲರನ್ನು ಕಂಡೆ. ಅವರು ಹೇಳಿದ ಎರಡು ಮಾತುಗಳಿಂದ ಮನೆಯವರ ಮನಸ್ಸು ತಿರುಗಿತು.

ಮೊದಲನೆಯದು: ನಾವು ಕೇಳುವುದು ಟೆಂಪೋ ಮಾಲಕರ ಕಿಸೆಯ ದುಡ್ಡನ್ನಲ್ಲ. ಇಂಥ ಹೊತ್ತಿಗೆಂದೇ ಅವರು ಪ್ರತಿ ವರ್ಷ ಥರ್ಡ್ ಪಾರ್ಟಿ ಪ್ರೀಮಿಯಂ ತುಂಬಿದ್ದಾರೆ. ಪರರ ಸ್ವತ್ತಿಗೆ ಆದ ಹಾನಿಗೆ ಕಾರು ಮತ್ತು ಮಾಲಿನ ಗಾಡಿಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ 7,50,000 ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡ ಪಾಲಿಸಿಗಳೂ ಇವೆ. ಅಂಥಲ್ಲಿ ಮಿಕ್ಕದ್ದು ಮಾಲಕರ ಮೇಲೆಯೇ ಬರುತ್ತದೆ.

ಎರಡನೆಯದು: ಪರರ ಹಾನಿಗೆ ಅವರ ಕಂಪನಿ ಹಣ ಕೊಟ್ಟರೆ ಅವರ ಬೋನಸ್ಸು ಹೋಗುವುದಿಲ್ಲ. ಬೋನಸ್ಸು ಸ್ವಂತ ಗಾಡಿಯ ಹಾನಿಯ ಕ್ಲೇಮಿಗೆ ಮಾತ್ರ ಸಂಬಂಧಪಟ್ಟದ್ದು. ಚಾಲಕನ ಲೈಸೆನ್ಸು, ಗಾಡಿಯ ಪರ್ಮಿಟ್ಟು, ಫಿಟ್‌ನೆಸ್ಸು ಸರಿಯಿದ್ದರೆ ಅವರಿಗೆ ಕಷ್ಟವೇನೂ ಇಲ್ಲ.

ಇದನ್ನು ತಿಳಿದ ಮೇಲೆ ಅಪ್ಪಾಜಿ ತಾವೇ ಆ ವ್ಯಾಪಾರಿಗೆ ಫೋನು ಮಾಡಿದರು. "ನೀವು ರೊಕ್ಕ ಕೊಡಬ್ಯಾಡ್ರಿ. ಪಾಲಿಸಿ ನಕಲು ಕೊಡ್ರಿ, ಹಿಂಗಾತು ಅಂತ ನಿಮ್ಮ ಕಂಪನಿಗೆ ತಿಳಸ್ರಿ, ಸಾಕು" ಎಂದರು. ಅವರು ಮರುದಿನವೇ ಪಾಲಿಸಿ ನಕಲು ಕಳಿಸಿದರು. ವ್ಯವಹಾರ ಕೆಡಲಿಲ್ಲ.

ಕಾನೂನು ಏನು ಹೇಳುತ್ತದೆ

1989ರ ಜುಲೈ 1ರಿಂದ ಜಾರಿಯಲ್ಲಿರುವ 1988ರ ಮೋಟಾರು ವಾಹನ ಕಾಯ್ದೆಯ 165 ಮತ್ತು 166ನೆಯ ಕಲಮುಗಳಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣದ ವ್ಯವಸ್ಥೆ ಇದೆ. ಸತ್ತವರು, ಗಾಯಗೊಂಡವರು ಮಾತ್ರ ಅಲ್ಲಿಗೆ ಹೋಗಬೇಕೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾನಿಗೊಂಡ ಸ್ವತ್ತಿನ ಮಾಲಕನೂ ಅರ್ಜಿ ಸಲ್ಲಿಸಬಹುದೆಂದು 166ನೆಯ ಕಲಮಿನಲ್ಲಿಯೇ ಇದೆ. ಸ್ವತ್ತಿನ ಹಾನಿ 2,000 ರೂಪಾಯಿ ಮೀರಿದ್ದರೆ ಬೇಕಿದ್ದಲ್ಲಿ ಸಿವಿಲ್ ಕೋರ್ಟಿಗೂ ಹೋಗಬಹುದು. ಅರ್ಜಿಯಲ್ಲಿ ಎದುರಿನ ಗಾಡಿಯ ಚಾಲಕ, ಮಾಲಕ, ವಿಮಾ ಕಂಪನಿ ಮೂವರನ್ನೂ ಸೇರಿಸಬೇಕು. ಮೈಗೆ ಪೆಟ್ಟಾಗಿದ್ದರೆ ಔಷಧದ ಖರ್ಚು, ಕೆಲಸ ತಪ್ಪಿದ ನಷ್ಟವನ್ನೂ ಅದರಲ್ಲಿಯೇ ಕೇಳಬೇಕು.

ಗಡಿಯಲ್ಲಿರುವ ನಮಗೆ ಉಪಯೋಗದ ಮಾತೊಂದಿದೆ. ಅಪಘಾತ ನಡೆದ ಸ್ಥಳದ ನ್ಯಾಯಾಧಿಕರಣಕ್ಕೇ ಹೋಗಬೇಕೆಂದಿಲ್ಲ. ಅರ್ಜಿದಾರರು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ವ್ಯಾಪ್ತಿಯಲ್ಲಿಯೂ ಸಲ್ಲಿಸಬಹುದು. ಗಾಣಗಾಪುರಕ್ಕೋ ಕಲಬುರಗಿಗೋ ಹೋದಾಗ ಕೆಎ 32ರ ಗಾಡಿ ಗುದ್ದಿದರೂ ದುಧನಿಯವರು ಸೋಲಾಪುರದಲ್ಲಿ ಅರ್ಜಿ ಹಾಕಬಹುದು. ಹಾಗೆಯೇ ಎಂಎಚ್ 13ರ ಗಾಡಿಯಿಂದ ಹಾನಿಯಾದ ಅಫಜಲಪುರದವರು ತಮ್ಮ ಜಿಲ್ಲೆಯಲ್ಲಿಯೇ ಹಾಕಬಹುದು. ಆದರೆ ಆಚೆಯ ಠಾಣೆಯ ಪಂಚನಾಮೆ ಕನ್ನಡದಲ್ಲಿ, ಈಚೆಯದು ಮರಾಠಿಯಲ್ಲಿ ಇರುವುದರಿಂದ ಅನುವಾದ ಮಾಡಿಸಿಡುವುದು ಒಳ್ಳೆಯದು.

ಗಡುವಿನ ವಿಷಯ ಮರೆಯಬಾರದು. 2019ರ ತಿದ್ದುಪಡಿಯ ಪ್ರಕಾರ 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ ಬಂದಿದೆ. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿವೆ ನಿಜ. ಆದರೂ ಆರು ತಿಂಗಳನ್ನೇ ಕಟ್ಟುನಿಟ್ಟೆಂದು ತಿಳಿದು ನಡೆಯುವುದು ಕ್ಷೇಮ.

ಒಂದು ನಷ್ಟಕ್ಕೆ ಎರಡು ಸಲ ಅಲ್ಲ

ನಮ್ಮ ಕಂಪನಿಯಿಂದ ಬಂದ ಹಣವನ್ನು ಎದುರಿನವರಿಂದ ಮತ್ತೊಮ್ಮೆ ಕೇಳುವಂತಿಲ್ಲ. ಅಷ್ಟು ಹಣದ ಮಟ್ಟಿಗೆ ವಸೂಲಿಯ ಹಕ್ಕು ಹಣ ಕೊಟ್ಟ ಕಂಪನಿಗೆ ಹೋಗುತ್ತದೆ. ನೂಲು ಸಾಗಿಸುತ್ತಿದ್ದ ಲಾರಿ ಅಪಘಾತಕ್ಕೆ ಸಿಕ್ಕ ಎಕನಾಮಿಕ್ ಟ್ರಾನ್ಸ್‌ಪೋರ್ಟ್ ಮತ್ತು ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಈ ತತ್ತ್ವವನ್ನು ವಿವರವಾಗಿ ಬಿಡಿಸಿ ಹೇಳಿದೆ. ಕಂಪನಿ ತುಂಬಿಕೊಡದೆ ಉಳಿದ ನಷ್ಟ ಮಾತ್ರ ನಮ್ಮದು. ನಮ್ಮ ಲೆಕ್ಕದಲ್ಲಿ ಅದು 28,600, ಬಿಲ್ಲಿನ ಪೂರ್ತಿ 64,000 ಅಲ್ಲ. ಇದ್ದುದಕ್ಕಿಂತ ಒಂದು ರೂಪಾಯಿ ಹೆಚ್ಚು ಬರೆದರೂ ಅದು ಅಚೌರ್ಯಕ್ಕೆ ವಿರುದ್ಧ, ಕೋರ್ಟಿನಲ್ಲಿಯೂ ನಿಲ್ಲದು.

ಕಾರಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರು ಎದೆಗುಂದಬೇಕಿಲ್ಲ. ಅವರಿಗೆ ಸ್ವಂತ ಕಂಪನಿಯಿಂದ ಏನೂ ಬಾರದಿದ್ದರೂ ಪೂರ್ತಿ ದುರಸ್ತಿ ಖರ್ಚನ್ನು ತಪ್ಪು ಮಾಡಿದವರಿಂದ ಕೇಳಬಹುದು. ತಪ್ಪು ಇಬ್ಬರದೂ ಇದ್ದರೆ ನ್ಯಾಯಾಧಿಕರಣ ಪಾಲು ಹಾಕಿ, ನಮ್ಮ ಪಾಲಿನಷ್ಟನ್ನು ಕಳೆಯುತ್ತದೆ.

ಬ್ರಿಟನ್ನಿನಲ್ಲಿ ಇಂಥ ವಸೂಲಿಗೆಂದೇ ಕಾನೂನು ಖರ್ಚಿನ ಬೇರೆ ವಿಮೆಯನ್ನು ಕಾರಿನ ಪಾಲಿಸಿಯ ಜೊತೆ ಕೊಳ್ಳುವ ರೂಢಿ ಇದೆ. ಅಲ್ಲಿ ಈ ಕೆಲಸವನ್ನೇ ಮಾಡುವ ವಕೀಲರಿದ್ದಾರೆ. ನಮ್ಮಲ್ಲಿ ಆ ಕೆಲಸ ನಾವೇ ಕೈಗೆತ್ತಿಕೊಳ್ಳಬೇಕು.

ಕ್ರಮವಾಗಿ ಮಾಡಬೇಕಾದದ್ದು

1. ಗಾಡಿಗಳನ್ನು ಸರಿಸುವ ಮುಂಚೆ ಫೋಟೋ ತೆಗೆಯಿರಿ. ಎದುರಿನ ಗಾಡಿಯ ನಂಬರು, ಚಾಲಕನ ಹೆಸರು, ಲೈಸೆನ್ಸು, ವಿಮೆಯ ವಿವರ ಬರೆದುಕೊಳ್ಳಿ. ನೋಡಿದವರಲ್ಲಿ ಇಬ್ಬರ ಫೋನ್ ನಂಬರು ಕೇಳಿಕೊಳ್ಳಿ.

2. ಠಾಣೆಯಲ್ಲಿ ಬರೆಸಿ, ನಕಲು ಅಥವಾ ನೋಂದಣಿಯ ಸಂಖ್ಯೆ ಪಡೆಯಿರಿ. ಅಜಾಗರೂಕತೆಯಿಂದ ಗಾಡಿ ಓಡಿಸುವುದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನ ಅಪರಾಧ. "ನಮ್ಮದೇನೂ ತಕರಾರಿಲ್ಲ" ಎಂಬ ಕಾಗದಕ್ಕೆ ರಸ್ತೆಯಲ್ಲಿ ನಿಂತು ಸಹಿ ಹಾಕಬೇಡಿ.

3. ದುರಸ್ತಿಗೆ ಮುಂಚೆ ನಿಮ್ಮ ಕಂಪನಿಗೆ ತಿಳಿಸಿ, ಸರ್ವೇಯರ್ ನೋಡಲಿ. ಅವರ ವರದಿಯ ನಕಲನ್ನೂ, ಯಾವುದಕ್ಕೆ ಎಷ್ಟು ಕಳೆದರೆಂಬ ಪಟ್ಟಿಯನ್ನೂ ಕೇಳಿ ಪಡೆಯಿರಿ. ಈ ಪಟ್ಟಿಯೇ ನಿಮ್ಮ ಬಾಕಿಯ ಆಧಾರ.

4. ಎಳೆದು ತಂದ ಖರ್ಚು, ಬಾಡಿಗೆ ಗಾಡಿ, ಔಷಧ ಎಲ್ಲದಕ್ಕೂ ರಸೀದಿ ಇಡಿ. ರಸೀದಿ ಇಲ್ಲದ ಖರ್ಚು ಲೆಕ್ಕಕ್ಕಿಲ್ಲ.

5. ಎದುರಿನವರ ವಿಮೆ ಯಾವುದೆಂದು ಗೊತ್ತಾಗದಿದ್ದರೆ ಕಾಯ್ದೆಯ 160ನೆಯ ಕಲಮಿನ ಪ್ರಕಾರ ಠಾಣೆಯಲ್ಲಿ ಅಥವಾ ಆರ್‌ಟಿಓ ಕಚೇರಿಯಲ್ಲಿ ಶುಲ್ಕ ತುಂಬಿ ವಿವರ ಕೇಳಬಹುದು.

6. ಮಾಲಕರಿಗೂ ಅವರ ಕಂಪನಿಗೂ ಲೆಕ್ಕ, ನಕಲುಗಳ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ವಕೀಲರ ನೋಟೀಸು, ನಂತರ ಆರು ತಿಂಗಳೊಳಗೆ ಅರ್ಜಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ವಿಮಾ ಓಂಬುಡ್ಸ್‌ಮನ್ ಅಥವಾ ಗ್ರಾಹಕರ ಆಯೋಗಕ್ಕೆ ದೂರು ಕೊಡುವುದು ನಮ್ಮ ಸ್ವಂತ ಕಂಪನಿ ಕಡಿಮೆ ಕೊಟ್ಟಾಗ ಅಥವಾ ತಡಮಾಡಿದಾಗ. ಎದುರಿನವರ ಕಂಪನಿಗೆ ನಾವು ಗ್ರಾಹಕರಲ್ಲ, ಆದ್ದರಿಂದ ಆ ದಾರಿ ಇಲ್ಲಿ ಸಲ್ಲದು.

ಎದುರಿನ ಗಾಡಿಗೆ ವಿಮೆಯೇ ಇಲ್ಲದಿದ್ದರೆ? ಆಗ ಹೊಣೆ ಮಾಲಕ ಮತ್ತು ಚಾಲಕರ ಮೇಲೆ. ವಿಮೆ ಇಲ್ಲದೆ ಅಪಘಾತ ಮಾಡಿದ ಗಾಡಿಯನ್ನು ತಕ್ಕ ಭದ್ರತೆ ಪಡೆಯದೆ ಬಿಡಬಾರದೆಂಬ ನಿಯಮವನ್ನು ರಾಜ್ಯಗಳು ಮಾಡಬೇಕೆಂದು ಸುಪ್ರೀಂ ಕೋರ್ಟು 2018ರಲ್ಲಿ ಸೂಚಿಸಿದೆ. ಠಾಣೆಯಲ್ಲಿ ಬರೆಸಿದ್ದರೆ ಮಾತ್ರ ಇದರ ಪ್ರಯೋಜನ ಎಂಬುದನ್ನು ನೆನಪಿಡಬೇಕು.

ಕೊನೆಗೆ ಬಂದದ್ದೆಷ್ಟು

ನಾವು 2024ರ ಮೇ ತಿಂಗಳಲ್ಲಿ, ಗಡುವಿಗೆ ಮುಂಚೆ, ಸೋಲಾಪುರದಲ್ಲಿ ಅರ್ಜಿ ಹಾಕಿದೆವು. ಟೆಂಪೋದ ಕಂಪನಿಯವರು ಸವಕಳಿ ಮತ್ತು ಕಡಿತದ ಹಣಕ್ಕೆ ಹೆಚ್ಚು ವಾದ ಮಾಡಲಿಲ್ಲ. ಬಾಡಿಗೆ ಗಾಡಿಗೂ ಬೋನಸ್ಸಿನ ನಷ್ಟಕ್ಕೂ ತಕರಾರು ತೆಗೆದರು. ಇಂಥ ಖರ್ಚನ್ನು ಕೇಳಬಹುದು, ಆದರೆ ಎಷ್ಟು ಕೊಡಬೇಕೆಂಬುದು ಪುರಾವೆ ಮತ್ತು ನ್ಯಾಯಾಧಿಕರಣದ ವಿವೇಚನೆಗೆ ಬಿಟ್ಟದ್ದು. ಮದುವೆಯ ಓಡಾಟದ ಎರಡು ದಿನಕ್ಕೆ ನಮ್ಮಲ್ಲಿ ರಸೀದಿ ಇರಲಿಲ್ಲ. ಅದು ನಮ್ಮ ತಪ್ಪೇ.

2025ರ ಮೊದಲ ಭಾಗದಲ್ಲಿ ಲೋಕ ಅದಾಲತ್ತಿನಲ್ಲಿ 20,000 ರೂಪಾಯಿಗೆ ರಾಜಿಯಾಯಿತು. ಅಲ್ಲಿಯ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ, ಆದ್ದರಿಂದ ಒಪ್ಪುವ ಮುಂಚೆ ಎರಡು ಸಲ ಯೋಚಿಸಬೇಕು. ವಕೀಲರ ಫೀ, ಓಡಾಟ ಸೇರಿ 4,500 ಹೋಯಿತು. ಉಳಿದದ್ದು 15,500. ಪೂರ್ತಿ ಬಾಕಿ ಬರಲಿಲ್ಲ, ವರ್ಷದ ಮೇಲೆ ಕಾಯಬೇಕಾಯಿತು. ಆದ್ದರಿಂದ ಬಾಕಿ ಮೂರು ನಾಲ್ಕು ಸಾವಿರದ್ದಾದರೆ ಪತ್ರ, ನೋಟೀಸಿನವರೆಗೆ ಹೋಗಿ, ಮುಂದೆ ಖರ್ಚನ್ನು ತೂಗಿ ನೋಡಿರಿ ಎಂದೇ ಹೇಳುತ್ತೇನೆ. ಮುಂದಿನ ಸಲ ಪಾಲಿಸಿ ಮಾಡಿಸುವಾಗ ಸವಕಳಿ ಕಳೆಯದ ರಕ್ಷಣೆಯನ್ನೂ, ಬೋನಸ್ಸು ಉಳಿಸುವ ರಕ್ಷಣೆಯನ್ನೂ ಸೇರಿಸಿದರೆ ಎಷ್ಟು ಹೆಚ್ಚಾಗುತ್ತದೆಂದು ಕೇಳಿ ನೋಡಿರಿ. ಸವಕಳಿ ಇಲ್ಲದ ಪಾಲಿಸಿಯಲ್ಲಿಯೂ ಕಡ್ಡಾಯ ಕಡಿತ ಇದ್ದೇ ಇರುತ್ತದೆ.

ಹಣ ಬ್ಯಾಂಕಿಗೆ ಬಂದ ದಿನ ಅಪ್ಪಾಜಿ ಕಿರ್ದಿ ತರಿಸಿಕೊಂಡರು. ಬೇಡವೆಂದು ಮೊದಲು ಹೇಳಿದ್ದವರು ಅವರೇ. ಜಮೆಯ ಬದಿಯಲ್ಲಿ ತಮ್ಮ ಕೈಯಿಂದ ಬರೆದರು: "ಕಾರಿನ ಬಾಕಿ, ವಸೂಲು." ಆಮೇಲೆ ವೈನಿಯನ್ನು ಕರೆದು, "ಅವ್ವಾ, ಇದು ನೀ ಫೋಟೋ ತಗದದ್ದರ ರೊಕ್ಕ" ಎಂದರು.